ಯಕ್ಷಗಾನದ ಆಟದ ವಿಡಿಯೋ ಟಿವಿಲಿ ಹಾಕಿದ್ರೆ ಮಸುಕು ಮಸುಕು ಯಾಕೆ? ಮನೇಲೇ ಎಡಿಟ್ ಮಾಡೋರಿಗೆ ಒಂದಿಷ್ಟು ಸೆಟ್ಟಿಂಗು

ಹೋದ ವರ್ಷ ನಮ್ಮೂರಲ್ಲಿ ಒಂದು ಯಕ್ಷಗಾನದ ಆಟ ಆಯ್ತು. ಊರು ಅಂದ್ರೆ ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ, ತೋಟದ ಮಧ್ಯೆ. ಕಾಲಮಿತಿ ಆಟ, ಮೂರು ಗಂಟೆ ಚಿಲ್ಲರೆ. ದೊಡ್ಡಪ್ಪನ ಮಗ ಪೂರ್ತಿ ಮೊಬೈಲಲ್ಲಿ ಶೂಟ್ ಮಾಡಿದ್ದ, ನಾನು ಹುರುಪಲ್ಲಿ ಎಡಿಟ್ ಮಾಡ್ಕೊಡ್ತೀನಿ ಅಂದೆ, ನಾಲ್ಕು ರಾತ್ರಿ ಕೂತು ಕಟ್ ಮಾಡಿ ಹೆಸರು ಹಾಕಿ ಪೆನ್ ಡ್ರೈವಿಗೆ ತುಂಬಿ ಟಿವಿಗೆ ಚುಚ್ಚಿದ್ರೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಪೂರಾ ಚೌಕ ಚೌಕ, ಮಾರಾಯ್ರೆ, ಕಣ್ಣೆಲ್ಲಿ ಮೂಗೆಲ್ಲಿ ಗೊತ್ತಾಗ್ತಿರ್ಲಿಲ್ಲ. ಅಪ್ಪಯ್ಯ ಪಾಪ ಎರಡು ಸಲ ಕನ್ನಡಕ ಒರೆಸ್ಕೊಂಡು ನೋಡಿದ್ರು.

ನಾನು ಮೊದಲು ಬೈದದ್ದು ಸಾಫ್ಟ್‌ವೇರಿಗೆ. ಆಮೇಲೆ ಕೂತು ಲೆಕ್ಕ ಹಾಕಿದ್ರೆ ತಪ್ಪು ಪೂರ್ತಿ ನಂದೇ. ಅವನು ಕ್ಲಿಪ್ಪುಗಳನ್ನ ವಾಟ್ಸಾಪಲ್ಲಿ ಕಳಿಸಿದ್ದ, ಫೈಲ್ ಸಣ್ಣ ಮಾಡೋಕೆ ಅಲ್ಲಿ ಒಂದ್ಸಲ ಹಿಂಡಿದ್ದು. ನಾನು ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದ್ದು, ಅಂದ್ರೆ ಹೊಸ ಫೈಲಾಗಿ ತೆಗೆದದ್ದು, ಎರಡನೇ ಸಲ. ಟೈಟಲ್ ಚಂದ ಬರತ್ತೆ ಅಂತ ಇನ್ನೊಂದು ಆ್ಯಪಿಗೆ ಹಾಕಿ ತೆಗೆದದ್ದು ಮೂರನೇದು. ಮನೆಯವರ ಗ್ರೂಪಿಗೆ ಹಾಕಿ ಅಲ್ಲಿಂದಲೇ ವಾಪಸ್ ಡೌನ್‌ಲೋಡ್ ಮಾಡಿ ಪೆನ್ ಡ್ರೈವಿಗೆ ಹಾಕಿದ್ನಲ್ಲ, ಅದು ನಾಲ್ಕು. ಪಹಣಿಯ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು ತಗೊಂಡು ಹೋಗಿ ಸರ್ವೆ ನಂಬರ್ ಕಾಣಲ್ಲ ಅಂದಂಗೆ ಆಯ್ತು. ಎಕ್ಸ್‌ಪೋರ್ಟ್ ಬಟನ್ನು ಕ್ವಾಲಿಟಿ ಹುಟ್ಟಿಸಲ್ಲ, ಇದ್ದದ್ದನ್ನ ಎಷ್ಟು ಉಳಿಸ್ಬೇಕು ಎಷ್ಟು ಬಿಸಾಕ್ಬೇಕು ಅಂತ ತೀರ್ಮಾನ ಮಾಡತ್ತೆ ಅಷ್ಟೇ. ಅದಾದ್ಮೇಲೆ ಕಲ್ತಿದ್ದನ್ನ ಮಾಡೋ ಕ್ರಮದಲ್ಲೇ ಬರೀತೀನಿ.

ಒಂದು: ಒರಿಜಿನಲ್ ಫೈಲ್ ಕೈಗೆ ಬರೋ ತನಕ ಕಟ್ ಮಾಡೋಕೆ ಕೂರಬೇಡಿ

ಕೇಬಲ್ ಹಾಕಿ ಮೊಬೈಲಿಂದ ಸೀದಾ ಕಾಪಿ ಮಾಡ್ಕೊಳ್ಳಿ. ಶೂಟ್ ಮಾಡಿದೋರು ಬೆಂಗಳೂರಲ್ಲಿ ಇದ್ರೆ ಗೂಗಲ್ ಡ್ರೈವಿಗೆ ಹಾಕಿ ಲಿಂಕ್ ಕಳಿಸೋಕೆ ಹೇಳಿ. ವಾಟ್ಸಾಪೇ ಗತಿ ಅಂದ್ರೆ ವಿಡಿಯೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸ್ಬೇಕು, 2 ಜಿಬಿ ತನಕ ಹೋಗತ್ತೆ, ಹಿಂಡಲ್ಲ. ಅಲ್ಲಿ ಎಚ್‌ಡಿ ಅಂತ ಒಂದು ಬಟನ್ ಇದ್ಯಲ್ಲ, ಅದು ಒತ್ತಿದ್ರೂ ಹಿಂಡತ್ತೆ, ಸ್ವಲ್ಪ ಕಮ್ಮಿ ಅಷ್ಟೇ.

ಒರಿಜಿನಲ್ಲೋ ಅಲ್ವೋ ಗೊತ್ತಾಗೋದು ಹೇಗೆ ಅಂದ್ರೆ ಫೈಲ್ ಸೈಜ್ ನೋಡಿ. ಫೋನಲ್ಲಿ 1080ಪಿ (ಫುಲ್ ಎಚ್‌ಡಿ), ಸೆಕೆಂಡಿಗೆ 30 ಫ್ರೇಮಲ್ಲಿ, ಅಂದ್ರೆ 30 ಚಿತ್ರದ ಲೆಕ್ಕದಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ಸಾಧಾರಣ 60ರಿಂದ 130 ಎಂಬಿ ಇರತ್ತೆ. ನಿಮ್ಮ ಕೈಗೆ ಬಂದದ್ದು ನಿಮಿಷಕ್ಕೆ ಆರೇಳು ಎಂಬಿ ಇದ್ರೆ ಅದು ಆಗ್ಲೇ ರಸ ತೆಗೆದ ಕಬ್ಬು.

ಎರಡು: ಶೂಟ್ ಮಾಡೋವಾಗ್ಲೇ ನೋಡ್ಕೊಳ್ಳೋದು

ಎಡಿಟಿಂಗ್ ಬಗ್ಗೆ ಹೇಳು ಅಂದ್ರೆ ಶೂಟಿಂಗ್ ಬಗ್ಗೆ ಹೇಳ್ತಾನೆ ಅನ್ಬೇಡಿ, ಇಲ್ಲಿ ಹೋದದ್ದು ಆಮೇಲೆ ಯಾವ ಸಾಫ್ಟ್‌ವೇರಲ್ಲೂ ಬರಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದ್ರೆ ಟ್ಯೂಬ್‌ಲೈಟು, ಕಮ್ಮಿ ರೇಟಿನ ಎಲ್‌ಇಡಿ ಫ್ಲಡ್ ಲೈಟು ಎಲ್ಲ ಸೆಕೆಂಡಿಗೆ 100 ಸಲ ಮಿಣುಕ್ತವೆ, ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣತ್ತೆ. ರಂಗಸ್ಥಳದ ಮೇಲೆ ಕಪ್ಪು ಪಟ್ಟೆ ಮೇಲೆ ಕೆಳಗೆ ಓಡೋದು ಅದಕ್ಕೇ. ಫೋನಲ್ಲಿ ಪ್ರೋ ಮೋಡ್ ಇದ್ರೆ ಶಟರ್ (ಒಂದು ಫ್ರೇಮಿಗೆ ಬೆಳಕು ಬಿಡೋ ಹೊತ್ತು) 1/50 ಇಲ್ಲಾ 1/100 ಸೆಕೆಂಡಿಗೆ ಇಡಿ, ಫ್ರೇಮ್ ರೇಟು 25 ಸಿಕ್ರೆ 25 ಇಡಿ, ಇಲ್ದಿದ್ರೆ 30 ಇರ್ಲಿ ಆದ್ರೆ ಶಟರ್ ಮಾತ್ರ ಹಂಗೇ ಇರ್ಲಿ.

ಎಚ್‌ಡಿಆರ್ ವಿಡಿಯೋ ಅನ್ನೋದನ್ನ ಆಫ್ ಮಾಡಿ. ಫೋನಲ್ಲಿ ಝಗಮಗ ಕಾಣತ್ತೆ, ಕಂಪ್ಯೂಟರಿಗೆ ತಂದು ಮಾಮೂಲಿ ಟೈಮ್‌ಲೈನಿಗೆ (ಕ್ಲಿಪ್ಪು ಜೋಡಿಸೋ ಜಾಗಕ್ಕೆ) ಹಾಕಿದ್ರೆ ಸುಣ್ಣ ಬಳಿದಂಗೆ ಬಿಳಚ್ಕೊಳ್ಳತ್ತೆ. ಅದನ್ನ ಸರಿ ಮಾಡೋಕೆ ದಾರಿ ಇದೆ, ಆದ್ರೆ ಮನೆ ಮಟ್ಟಿಗೆ ಆ ತಲೆನೋವು ಯಾಕೆ.

ಕಡಲ ಬದಿ ಇರೋರಿಗೆ ಇನ್ನೊಂದು. ಕಾರವಾರದ ಟ್ಯಾಗೋರ್ ಬೀಚಲ್ಲಿ ಸಂಜೆ ಗಾಳಿಗೆ ಅರ್ಧ ಗಂಟೆ ನಿಂತ್ರೆ ಸಾಕು, ಲೆನ್ಸ್ ಮೇಲೆ ಉಪ್ಪಿನ ಪೊರೆ ಕೂತಿರತ್ತೆ. ಯುದ್ಧನೌಕೆ ಮ್ಯೂಸಿಯಂ ಹತ್ರ ನಿಂತು ತೆಗೆದ ನನ್ನ ಇಡೀ ಸೂರ್ಯಾಸ್ತ ಮಂಜು ಮುಸುಕಿದಂಗೆ ಇದೆ, ನಾನು ತಿಂಗಳುಗಟ್ಲೆ ಅದನ್ನ ಸಾಫ್ಟ್‌ವೇರಿನ ಸಮಸ್ಯೆ ಅಂತ ತಿಳ್ಕೊಂಡಿದ್ದೆ. ಒಣ ಅಂಗೀಲಿ ಉಜ್ಬೇಡಿ, ಉಪ್ಪಿನ ಹರಳು ಗೀರು ಹಾಕತ್ತೆ, ಬಟ್ಟೆ ಸ್ವಲ್ಪ ಒದ್ದೆ ಮಾಡಿ ಮೆತ್ತಗೆ ಒರೆಸಿ.

ಜೂಮ್ ಬೇಡ. ಎದ್ದು ಹತ್ರ ಹೋಗಿ.

ಮೂರು: ಪ್ರಾಜೆಕ್ಟ್ ಸೆಟ್ಟಿಂಗು

ಸಾಫ್ಟ್‌ವೇರ್ ಯಾವ್ದು ಅಂತ ಎಲ್ಲರೂ ಕೇಳ್ತಾರೆ. ಹಳೇ ಲ್ಯಾಪ್‌ಟಾಪ್ ಇದ್ರೆ ಶಾಟ್‌ಕಟ್ ಇಲ್ಲಾ ಕೆಡೆನ್‌ಲೈವ್, ಎರಡೂ ಫ್ರೀ. ಗ್ರಾಫಿಕ್ಸ್ ಕಾರ್ಡ್ ಇರೋ ಗಟ್ಟಿ ಮಷಿನ್ ಇದ್ರೆ ಡಾವಿಂಚಿ ರಿಸಾಲ್ವ್, ಅದರ ಫ್ರೀ ಆವೃತ್ತಿಲೂ 3840×2160 ತನಕ ಎಕ್ಸ್‌ಪೋರ್ಟ್ ಆಗತ್ತೆ, ವಾಟರ್‌ಮಾರ್ಕ್ ಕಾಟ ಇಲ್ಲ. ಮೂರರಲ್ಲಿ ಯಾವುದ್ರಲ್ಲಿ ಮಾಡಿದ್ರೂ ಔಟ್‌ಪುಟ್ ಕ್ವಾಲಿಟಿಲಿ ನಿಮ್ಮ ಮನೆಯವರಿಗೆ ವ್ಯತ್ಯಾಸ ಕಾಣಲ್ಲ, ಸೆಟ್ಟಿಂಗಲ್ಲಿ ಕಾಣತ್ತೆ.

ಪ್ರಾಜೆಕ್ಟ್ ಶುರು ಮಾಡೋವಾಗ ಫ್ರೇಮ್ ರೇಟು ನಿಮ್ಮ ಹೆಚ್ಚಿನ ಕ್ಲಿಪ್ಪುಗಳದ್ದು ಏನಿದ್ಯೋ ಅದನ್ನೇ ಕೊಡಿ. 30ರಲ್ಲಿ ತೆಗೆದದ್ದನ್ನ 25ರ ಟೈಮ್‌ಲೈನಿಗೆ ಹಾಕಿದ್ರೆ ಪ್ರತಿ ಆರು ಫ್ರೇಮಿಗೆ ಒಂದನ್ನ ಅದು ಬಿಸಾಕ್ಬೇಕಾಗತ್ತೆ, ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿದ ಕಡೆಯಲ್ಲೆಲ್ಲ ಬಸ್ಸು ದೇವಿಮನೆ ಘಟ್ಟ ಹತ್ತಿದಂಗೆ ಕುಕ್ಕತ್ತೆ.

ಇನ್ನೊಂದು ಕಳ್ಳ ಸಮಸ್ಯೆ ಇದೆ. ಫೋನುಗಳು 30 ಅಂತ ಹೇಳಿದ್ರೂ ನಿಜವಾಗಿ 30 ತೆಗೆಯಲ್ಲ, ಬೆಳಕು ಕಮ್ಮಿ ಆದ್ರೆ ಇಳಿಸ್ತವೆ, ಬಿಸಿ ಆದ್ರೆ ಇಳಿಸ್ತವೆ, ಇದಕ್ಕೆ ವೇರಿಯೇಬಲ್ ಫ್ರೇಮ್ ರೇಟು ಅಂತಾರೆ. ಎರಡು ನಿಮಿಷದ ಕ್ಲಿಪ್ಪಲ್ಲಿ ಗೊತ್ತಾಗಲ್ಲ. ಮುಕ್ಕಾಲು ಗಂಟೆ ಕ್ಲಿಪ್ಪಲ್ಲಿ ಕೊನೆ ಹೊತ್ತಿಗೆ ಚಂಡೆ ಕೋಲು ಇನ್ನೂ ಮೇಲಿರೋವಾಗ್ಲೇ ಪೆಟ್ಟು ಕೇಳ್ಸತ್ತೆ, ಇಲ್ಲಾ ಹಾಡೋ ಭಾಗವತರ ಬಾಯಿ ಮುಚ್ಚಿದ್ಮೇಲೆ ಪದ ಬರತ್ತೆ. ಇದಕ್ಕೆ ಔಷಧ: ಎಡಿಟಿಗೆ ಮುಂಚೆ ಹ್ಯಾಂಡ್‌ಬ್ರೇಕ್ ಅನ್ನೋ ಫ್ರೀ ಸಾಫ್ಟ್‌ವೇರಿಗೆ ಹಾಕಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಕ್ವಾಲಿಟಿ ಸಂಖ್ಯೆ 16–18ರ ಆಸುಪಾಸು ಇಟ್ಟು ತೆಗೀರಿ. ಶಾಟ್‌ಕಟ್ ಅಂತೂ ಇಂಥ ಫೈಲ್ ಕಂಡ್ರೆ ತಾನೇ ಕೇಳತ್ತೆ, ಕನ್ವರ್ಟ್ ಮಾಡ್ಲಾ ಅಂತ, ಹೌದು ಅನ್ನಿ. ಒಂದು ಸಲ ಹೆಚ್ಚಿಗೆ ಹಿಂಡಿದಂಗೆ ಆಗಲ್ವಾ ಅಂದ್ರೆ ಹೌದು, ಆದ್ರೆ ಸಂಖ್ಯೆ ಅಷ್ಟು ಕೆಳಗಿದ್ರೆ ನಷ್ಟ ಕಣ್ಣಿಗೆ ಕಾಣಲ್ಲ, ತಾಳ ತಪ್ಪಿದ ಚಂಡೆ ಮಾತ್ರ ಊರಿಗೇ ಕೇಳತ್ತೆ.

ನಾಲ್ಕು: ಕೆಂಪು ಬಣ್ಣದ ಕತೆ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಎಲ್ಲ ಕೆಂಪೇ. ಮಾರಿಕಾಂಬೆ ಕೆಂಪು, ವೇಷದ ದಗಲೆ (ಅಂಗಿ) ಕೆಂಪು, ಮದುವೆ ಸೀರೆ ಕೆಂಪು. ವಿಡಿಯೋದಲ್ಲಿ ಮೊದಲು ಕೆಡೋದೂ ಅದೇ.

ಕಾರಣ ಹೀಗಿದೆ. ಮನೆ ವಿಡಿಯೋ ಫೈಲುಗಳು ಚಿತ್ರವನ್ನ ಎರಡು ಭಾಗ ಮಾಡಿ ಇಡ್ತವೆ, ಬೆಳಕು ನೆರಳಿಂದು ಒಂದು, ಬಣ್ಣದ್ದು ಇನ್ನೊಂದು. ಬೆಳಕಿಂದು ಪೂರ್ತಿ 1920×1080 ಇರತ್ತೆ, ಬಣ್ಣದ್ದು ಮಾತ್ರ 960×540, ಅಂದ್ರೆ ಕಾಲು ಭಾಗ. ಇದಕ್ಕೆ 4:2:0 ಅಂತಾರೆ. ನಮ್ಮ ಕಣ್ಣಿಗೆ ಬಣ್ಣದ ಅಂಚು ಅಷ್ಟು ಚುರುಕಾಗಿ ಕಾಣಲ್ಲ ಅಂತ ಮಾಡಿದ ಉಳಿತಾಯ, ಹೆಚ್ಚಿನ ಸಲ ಸರೀನೂ ಹೋಗತ್ತೆ. ಆದ್ರೆ ಬೆಳಕಿನ ಲೆಕ್ಕದಲ್ಲಿ ಕೆಂಪಿನ ಪಾಲು ಐದರಲ್ಲಿ ಒಂದು ಭಾಗದಷ್ಟೇ, ಹಸಿರಿಂದೇ ದೊಡ್ಡ ಪಾಲು. ಹಾಗಾಗಿ ಕೆಂಪು ದಗಲೆ ಮೇಲಿನ ನೆರಿಗೆ, ಜರಿ, ಇದೆಲ್ಲ ಬೆಳಕಿನ ಭಾಗದಲ್ಲಿ ಹೆಚ್ಚು ಇರೋದೇ ಇಲ್ಲ, ಆ ಕಾಲು ಭಾಗದ ಬಣ್ಣದಲ್ಲೇ ಇರೋದು. ಕಪ್ಪು ಪರದೆ ಮುಂದೆ ಕೆಂಪು ಬಟ್ಟೆ ಕುಣಿದ್ರೆ ಅಂಚು ಮೆಟ್ಟಿಲು ಮೆಟ್ಟಿಲು ಆಗೋದು ಇದಕ್ಕೇ.

ಮಾಡೋದೇನು ಅಂದ್ರೆ, ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸ್ಬೇಡಿ, ನಮ್ಮೋರಿಗೆ ಅದು ಚಟ, ವೇಷ ಕೆಂಪಾಗಿ ಹೊಳೀಲಿ ಅಂತ ಎಳ್ದೂ ಎಳ್ದೂ ಕೆಂಪೆಲ್ಲ ಒಂದೇ ಮುದ್ದೆ ಮಾಡ್ತಾರೆ. ನಾನಂತೂ ಜಾತ್ರೆ ಆಟ ಎಲ್ಲ ಸ್ಯಾಚುರೇಶನ್ ಸ್ವಲ್ಪ ಇಳಿಸೇ ಎಕ್ಸ್‌ಪೋರ್ಟ್ ಮಾಡೋದು. ಎರಡನೇದು, ಫೋನಲ್ಲಿ 4ಕೆ ಇದ್ರೆ 4ಕೆಲೇ ತೆಗೆದು 4ಕೆಲೇ ಎಕ್ಸ್‌ಪೋರ್ಟ್ ಮಾಡಿ. ಆಗ ಬಣ್ಣದ ಕಾಲು ಭಾಗ ಅಂದ್ರೆ 1920×1080 ಆಯ್ತಲ್ಲ, ಟಿವಿ ಬರೀ ಫುಲ್ ಎಚ್‌ಡಿದೇ ಇದ್ರೂ, ಅದು 4ಕೆ ಫೈಲ್ ಓಡಿಸೋ ಹಂಗಿದ್ರೆ, ಕೆಂಪು ಎದ್ದು ಕಾಣತ್ತೆ.

ರಾತ್ರಿ ವಿಡಿಯೋದಲ್ಲಿ ಕತ್ತಲ ಜಾಗದಲ್ಲಿ ಇರುವೆ ಹರಿದಂಗೆ ಚುಕ್ಕಿ ಇರತ್ತಲ್ಲ, ಅದನ್ನ ಡಿನಾಯ್ಸ್ ಫಿಲ್ಟರಲ್ಲಿ ಸ್ವಲ್ಪವೇ ಸ್ವಲ್ಪ ತಗ್ಗಿಸಿ. ಜಾಸ್ತಿ ಮಾಡಿದ್ರೆ ಮುಖಕ್ಕೆ ಮೇಣ ಮೆತ್ತಿದಂಗೆ ಆಗತ್ತೆ. ಶಾರ್ಪನ್ ಹತ್ರ ಹೋಗ್ಲೇಬೇಡಿ.

ಐದು: ಎಕ್ಸ್‌ಪೋರ್ಟ್, ಅಂದ್ರೆ ಬಿಟ್‌ರೇಟು

ಎಡಿಟ್ ಎಲ್ಲ ಮುಗೀತು, ಎಕ್ಸ್‌ಪೋರ್ಟ್ ಒತ್ತಿದ್ರೆ ಇಪ್ಪತ್ತು ಖಾನೆ ಬರ್ತವೆ, ಎಲ್ಲರೂ ಹೆದರಿ ಡಿಫಾಲ್ಟ್ ಒತ್ತಿ ಊಟಕ್ಕೆ ಹೋಗ್ತಾರೆ. ಅದರಲ್ಲಿ ಮುಖ್ಯ ಆಗಿರೋದು ನಾಲ್ಕೇ: ಫಾರ್ಮ್ಯಾಟ್ ಎಂಪಿ4, ವಿಡಿಯೋ ಕೋಡೆಕ್ (ಹಿಂಡೋ ವಿಧಾನ) ಎಚ್.264, ಆಡಿಯೋ ಎಎಸಿ 48 ಕಿಲೋಹರ್ಟ್ಸ್, ಬಿಟ್‌ರೇಟು. ರೆಸಲ್ಯೂಶನ್ನು, ಫ್ರೇಮ್ ರೇಟು ಪ್ರಾಜೆಕ್ಟಲ್ಲಿ ಏನಿತ್ತೋ ಅದೇ. ಎಚ್.265 ಅಂತ ಇನ್ನೊಂದು ಇದೆ, ಅಷ್ಟೇ ಕ್ವಾಲಿಟಿಗೆ ಫೈಲ್ ಸಣ್ಣದಾಗತ್ತೆ, ಆದ್ರೆ ಹಳೇ ಟಿವಿಗಳು ಅದನ್ನ ಓಡಿಸಲ್ಲ, ಶಬ್ದ ಮಾತ್ರ ಬಂದು ಪರದೆ ಕಪ್ಪಗಿರತ್ತೆ. ಮದುವೆ ಮನೇಲಿ ಐವತ್ತು ಜನರ ಮುಂದೆ ಅಂಥದ್ದು ಆಗೋದು ಬೇಡ.

ಬಿಟ್‌ರೇಟು ಅಂದ್ರೆ ಒಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಜಾಗ ಕೊಡ್ತೀರಿ ಅಂತ. ಕೋಡೆಕ್ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯಲ್ಲ, ಹಿಂದಿನ ಫ್ರೇಮಿಗೂ ಇದಕ್ಕೂ ಏನು ಬದಲಾಯ್ತು ಅಷ್ಟನ್ನೇ ಬರ್ಕೊಳ್ಳತ್ತೆ. ಆಯಿ ಜಗಲಿ ಮೇಲೆ ಕೂತು ಅಡಿಕೆ ಸುಲೀತಿದಾರೆ ಅಂದ್ಕೊಳ್ಳಿ, ಕಂಬ, ಗೋಡೆ, ಚಾಪೆ ಯಾವುದೂ ಅಲ್ಲಾಡಲ್ಲ, ಕೈ ಒಂದೇ ಅಲ್ಲಾಡೋದು, 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕೊಟ್ರೂ ಚಂದ ಬರತ್ತೆ. ಅದೇ ಕ್ಯಾಮೆರಾನ ಅಂಗಳಕ್ಕೆ ತಿರುಗಿಸಿ, ಜುಲೈ ತಿಂಗಳು, ಜಡಿಮಳೆ, ಹಿಂದೆ ಅಡಿಕೆ ಮರದ ಹೆಡೆ ಗಾಳಿಗೆ ಒದ್ದಾಡ್ತಿದಾವೆ. ಈಗ ಪ್ರತಿ ಫ್ರೇಮಲ್ಲೂ ಪ್ರತಿ ಹನಿಯೂ ಹೊಸದು, ಹಿಂದಿಂದು ಯಾವುದೂ ಉಪಯೋಗಕ್ಕೆ ಬರಲ್ಲ, ಅದೇ 4 ಎಂಬಿಪಿಎಸ್ಸಲ್ಲಿ ತೋಟ ಪೂರ್ತಿ ಹಸಿರು ಗಂಜಿ ಆಗತ್ತೆ. ಕಡಲ ಅಲೆನೂ ಹಂಗೇ, ಜಲಪಾತ ಹಂಗೇ, ಮದುವೇಲಿ ಅಕ್ಷತೆ ಬೀಳೋ ಆ ಎರಡು ಸೆಕೆಂಡೂ ಹಂಗೇ. ಅಂತರ್ಜಾಲದಲ್ಲಿ ಯಾರೋ ಹೇಳಿದ ಸಂಖ್ಯೆ ಅವರ ರೂಮೊಳಗಿನ ವಿಡಿಯೋಗೆ ಸರಿ, ನಮ್ಮ ಮಳೆಗೆ ಸಾಲಲ್ಲ.

ಲೆಕ್ಕಕ್ಕೆ ಒಂದು ಆಧಾರ ಬೇಕಲ್ಲ. ಯೂಟ್ಯೂಬ್ ತಾನೇ ಅಪ್‌ಲೋಡ್ ಮಾಡೋರಿಗೆ ಹೇಳೋದು 1080ಪಿಗೆ 30 ಫ್ರೇಮ್ ತನಕ 8 ಎಂಬಿಪಿಎಸ್, 60 ಫ್ರೇಮಿಗೆ 12, ಮತ್ತೆ 4ಕೆಗೆ 30 ಫ್ರೇಮ್ ತನಕ 35ರಿಂದ 45. ನಾನು ಮನೆ ಟಿವಿಗೆ 1080ಪಿ ಮಾಡೋದು 12ರಲ್ಲಿ, ಮಳೆ ಕಡಲು ಕುಣಿತ ಇದ್ರೆ 16. ಶೂಟ್ ಮಾಡಿದ ಫೈಲೇ 17ರಲ್ಲಿ ಇರೋವಾಗ 50 ಕೊಟ್ಟು ಪ್ರಯೋಜನ ಇಲ್ಲ, ಡಿಸ್ಕ್ ತುಂಬತ್ತೆ ಅಷ್ಟೇ.

ಬಿಟ್‌ರೇಟಿನ ಬದಲು ಸಿಆರ್‌ಎಫ್ ಅಂತ ಸಿಕ್ರೆ ಇನ್ನೂ ಒಳ್ಳೇದು. ಅಲ್ಲಿ ನೀವು ಕ್ವಾಲಿಟಿ ಹೇಳ್ತೀರಿ, ಎಲ್ಲಿ ಎಷ್ಟು ಜಾಗ ಬೇಕು ಅಂತ ಅದೇ ನೋಡ್ಕೊಳ್ಳತ್ತೆ, ಜಗಲಿಗೆ ಕಮ್ಮಿ, ಮಳೆಗೆ ಜಾಸ್ತಿ. ಸಂಖ್ಯೆ ಸಣ್ಣದಾದಷ್ಟೂ ಕ್ವಾಲಿಟಿ ಮೇಲೆ, ಇದು ಉಲ್ಟಾ, ನೆನಪಿರ್ಲಿ. 18ರಿಂದ 20 ಇಡಿ. 23ರ ಮೇಲೆ ಹೋಗ್ಬೇಡಿ. ಶಾಟ್‌ಕಟ್ಟಲ್ಲಿ ಇದೇ ಕ್ವಾಲಿಟಿ ಶೇಕಡಾ ಅಂತ ಬರತ್ತೆ, ಅಲ್ಲಿ ಮಾತ್ರ ದೊಡ್ಡ ಸಂಖ್ಯೆನೇ ಒಳ್ಳೇದು. ಹಾರ್ಡ್‌ವೇರ್ ಎನ್‌ಕೋಡರ್ ಅಂತ ಟಿಕ್ ಹಾಕೋ ಜಾಗ ಇದ್ರೆ ಬೇಗ ಮುಗಿಯತ್ತೆ, ಆದ್ರೆ ಅಷ್ಟೇ ಜಾಗದಲ್ಲಿ ಕ್ವಾಲಿಟಿ ಒಂದು ಕೂದಲು ಕಮ್ಮಿ. ರಾತ್ರಿ ಹಚ್ಚಿ ಮಲಗೋದಾದ್ರೆ ಟಿಕ್ ತೆಗೀರಿ.

ಫೈಲ್ ಎಷ್ಟು ದೊಡ್ಡದಾಗತ್ತೆ ಅಂತ ಮೊದಲೇ ಗೊತ್ತಾಗತ್ತೆ: ಬಿಟ್‌ರೇಟನ್ನ ಸೆಕೆಂಡಿಂದ ಗುಣಿಸಿ 8ರಿಂದ ಭಾಗಿಸಿ. 12 ಎಂಬಿಪಿಎಸ್, 50 ನಿಮಿಷ ಅಂದ್ರೆ 3000 ಸೆಕೆಂಡು, 36000, ಭಾಗಿಸು 8, 4500 ಎಂಬಿ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದದ್ದು. ಅಂಗಡೀಲಿ ಸಿಗೋ ಸುಮಾರು ಪೆನ್ ಡ್ರೈವು ಫ್ಯಾಟ್32 (ಫೈಲ್ ಜೋಡಿಸಿಡೋ ಒಂದು ಹಳೇ ವಿಧಾನ) ಆಗಿರತ್ತೆ, ಅದರಲ್ಲಿ ಒಂದು ಫೈಲು 4 ಜಿಬಿಗಿಂತ ದೊಡ್ಡದು ಕೂರಲ್ಲ, 64 ಜಿಬಿ ಖಾಲಿ ಇದ್ರೂ ಫೈಲ್ ತುಂಬಾ ದೊಡ್ಡದಾಯ್ತು ಅನ್ನತ್ತೆ. ಎಕ್ಸ್‌ಫ್ಯಾಟ್ ಇಲ್ಲಾ ಎನ್‌ಟಿಎಫ್‌ಎಸ್ ಮಾಡಿ ಫಾರ್ಮ್ಯಾಟ್ ಮಾಡಿ. ನಿಮ್ಮ ಟಿವಿ ಅದನ್ನ ಓದ್ಲಿಲ್ಲ ಅಂದ್ರೆ ವಿಡಿಯೋನೇ ಎರಡು ಭಾಗ ಮಾಡಿ, ಒಡ್ಡೋಲಗ (ಪಾತ್ರದ ಮೊದಲ ಪ್ರವೇಶ) ಮುಗಿದ ಕಡೆ ಒಂದು ಕಟ್.

ಇಡೀದನ್ನ ಎಕ್ಸ್‌ಪೋರ್ಟ್ ಮಾಡೋ ಮುಂಚೆ ಇಪ್ಪತ್ತೇ ಸೆಕೆಂಡು ತೆಗೀರಿ. ಚಂದ ಬಂದ ಕಡೆಯ ಇಪ್ಪತ್ತು ಸೆಕೆಂಡಲ್ಲ, ಅತ್ಯಂತ ಕಷ್ಟದ್ದು, ವೇಷ ಗಿರಕಿ ಹೊಡೆಯೋ ಕಡೆ ಇಲ್ಲಾ ಮಳೆ. ರಿಸಾಲ್ವಲ್ಲಿ ಐ ಮತ್ತು ಓ ಕೀ ಒತ್ತಿ ಅಷ್ಟೇ ಭಾಗ ಆರಿಸ್ಬಹುದು, ಕೆಡೆನ್‌ಲೈವಲ್ಲಿ ಸೆಲೆಕ್ಟೆಡ್ ಝೋನ್ ಅಂತ ಇದೆ. ಅದನ್ನ ಲ್ಯಾಪ್‌ಟಾಪಲ್ಲಿ ನೋಡಿ ತೃಪ್ತಿ ಪಡ್ಬೇಡಿ, ಯಾವ ಟಿವಿಲಿ ನೋಡ್ತಾರೋ ಅದರಲ್ಲೇ ಹಾಕಿ ಕುರ್ಚಿ ದೂರದಿಂದ ನೋಡಿ. ಈ ಒಂದು ಅಭ್ಯಾಸ ನನ್ನ ಎಷ್ಟೋ ರಾತ್ರಿ ಉಳಿಸಿದೆ.

ಶಬ್ದ

ಚಂಡೆ ಹತ್ರ ಫೋನ್ ಇಟ್ಟು ರೆಕಾರ್ಡ್ ಮಾಡಿ ಕರಕರ ಅಂತ ಒಡೆದಿದ್ರೆ ಅದು ಮುಗೀತು, ವಾಲ್ಯೂಮ್ ಇಳಿಸಿದ್ರೆ ಸಣ್ಣ ದನಿಯ ಕರಕರ ಬರತ್ತೆ. ದೂರ ಕೂತ್ಕೊಳ್ಳಿ, ಭಾಗವತರ ಮೈಕಿನ ಸ್ಪೀಕರ್ ಎದುರು. ಎಡಿಟಲ್ಲಿ ಮೀಟರ್ ನೋಡಿ, ಎಷ್ಟೇ ಜೋರಾದ್ರೂ ಮೈನಸ್ 1 ಡಿಬಿ ದಾಟ್ಬಾರ್ದು. ಎಎಸಿ 320 ಕೆಬಿಪಿಎಸ್ ಕೊಟ್ಬಿಡಿ, ಚಿತ್ರದ ಮುಂದೆ ಆಡಿಯೋ ತಗೊಳ್ಳೋ ಜಾಗ ಲೆಕ್ಕಕ್ಕೇ ಇಲ್ಲ.

ಮಳೆಗಾಲ, ಕರೆಂಟು

ಎಂಪಿ4 ಫೈಲಿಗೆ ಒಂದು ಸೂಚಿ ಇರತ್ತೆ, ಯಾವ ಫ್ರೇಮ್ ಎಲ್ಲಿದೆ ಅಂತ, ಅದನ್ನ ಎಲ್ಲ ಮುಗಿದ್ಮೇಲೆ ಕೊನೇಲಿ ಬರೆಯೋದು. ಶೇಕಡಾ 97 ಆದಾಗ ಕರೆಂಟು ಹೋಯ್ತು ಅಂದ್ರೆ ಆ 97 ನಿಮಗೆ ಸಿಗಲ್ಲ, ಫೈಲ್ ತೆರೆಯೋದೇ ಇಲ್ಲ. ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮರ ಬಿದ್ದು ಲೈನ್ ಹೋದ್ರೆ ಎರಡು ದಿನಾನೂ ಆಗತ್ತೆ. ಡೆಸ್ಕ್‌ಟಾಪ್ ಇರೋರು ಯುಪಿಎಸ್ ಇಡ್ಲೇಬೇಕು, ಇಲ್ಲಾ ಎಂಕೆವಿ ಫಾರ್ಮ್ಯಾಟಲ್ಲಿ ತೆಗೀರಿ, ಅದು ಅರ್ಧಕ್ಕೆ ನಿಂತ್ರೂ ಸಾಧಾರಣವಾಗಿ ನಿಂತ ತನಕ ಓಡತ್ತೆ. ದೊಡ್ಡ ವಿಡಿಯೋನ ಅರ್ಧರ್ಧ ಗಂಟೆ ತುಂಡು ಮಾಡಿ ತೆಗೆಯೋದು ನನ್ನ ಪದ್ಧತಿ.

ಅಟ್ಟದ ಮೇಲಿನ ಕ್ಯಾಸೆಟ್ಟು

ಅಣ್ಣನ ಮದುವೆಯ ಮಿನಿ ಡಿವಿ ಕ್ಯಾಸೆಟ್ ನಮ್ಮ ಅಟ್ಟದ ಮೇಲಿತ್ತು. ಮೊದಲು ಕ್ಯಾಸೆಟ್ಟಿನ ಕಿಟಕೀಲಿ ನೋಡಿ, ಟೇಪಿನ ಅಂಚಲ್ಲಿ ಬಿಳಿ ಬೂಷ್ಟು ಕಂಡ್ರೆ ಪ್ಲೇಯರಿಗೆ ಹಾಕ್ಲೇಬೇಡಿ, ಟೇಪೂ ಹರಿಯಬಹುದು, ಪ್ಲೇಯರಿನ ಹೆಡ್ಡೂ ಹಾಳು, ಆ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತತ್ತೆ. ಚೆನ್ನಾಗಿದ್ರೆ ಫೈರ್‌ವೈರ್ ಕೇಬಲಲ್ಲಿ ತೆಗೀಬೇಕು, ಒಂದು ಗಂಟೆಗೆ ಸುಮಾರು 13 ಜಿಬಿ, ಆಗ ಟೇಪಲ್ಲಿ ಇದ್ದದ್ದು ಇದ್ದಂಗೇ ಬರತ್ತೆ. ಹಳದಿ ಕೆಂಪು ಬಿಳಿ ಪಿನ್ನಿನ ಕೇಬಲಲ್ಲಿ ತೆಗೆದ್ರೆ ಅಲ್ಲೇ ಅರ್ಧ ಜೀವ ಹೋಯ್ತು.

ಆ ವಿಡಿಯೋ 720×576, ಸೆಕೆಂಡಿಗೆ 25 ಫ್ರೇಮು, ಆದ್ರೆ ಪ್ರತಿ ಫ್ರೇಮೂ ಎರಡು ಅರ್ಧ ಚಿತ್ರ ಹೆಣೆದದ್ದು, ಬೆಸ ಗೆರೆ ಒಂದು ಕ್ಷಣದ್ದು, ಸಮ ಗೆರೆ ಇನ್ನೊಂದು ಕ್ಷಣದ್ದು. ಕಂಪ್ಯೂಟರಲ್ಲಿ ನೋಡಿದ್ರೆ ಅಲ್ಲಾಡೋ ಕೈಗೆಲ್ಲ ಬಾಚಣಿಗೆ ಹಲ್ಲು ಬಂದಿರತ್ತೆ. ಡಿಇಂಟರ್‌ಲೇಸ್ ಮಾಡ್ಬೇಕು, ಮಾಡೋವಾಗ 50 ಫ್ರೇಮ್ ಬರೋ ಆಯ್ಕೆ ಆರಿಸಿ, ಆಗ ಎರಡು ಅರ್ಧಾನೂ ಬೇರೆ ಬೇರೆ ಫ್ರೇಮ್ ಆಗಿ ಚಲನೆ ನುಣ್ಣಗೆ ಇರತ್ತೆ. ಅಗಲ ಎಳೆದು ಪರದೆ ತುಂಬ್ಸಬೇಡಿ, ಅತ್ತಿಗೆ ಕುಂಬಳಕಾಯಿ ತರ ಕಾಣ್ತಾರೆ ಅಂತ ನನಗೆ ಬೈಗಳ ಬಿದ್ದಿದೆ. ಅಕ್ಕಪಕ್ಕ ಕಪ್ಪು ಇದ್ರೆ ಇರ್ಲಿ, 4:3 ಅಂದ್ರೆ 4:3.

ಕಳಿಸೋದು

ಯೂಟ್ಯೂಬಿಗೆ ಹಾಕಿದ ಕೂಡ್ಲೇ ನೋಡಿ ಗಾಬರಿ ಆಗ್ಬೇಡಿ, ಮೊದಲು ಕಮ್ಮಿ ಕ್ವಾಲಿಟಿದು ತಯಾರಾಗತ್ತೆ, ಎಚ್‌ಡಿ ಆಮೇಲೆ, 4ಕೆ ಇನ್ನೂ ತಡವಾಗಿ. 1080ಪಿ ವಿಡಿಯೋನ 1440ಪಿಗೆ ಹಿಗ್ಗಿಸಿ ಅಪ್‌ಲೋಡ್ ಮಾಡಿದ್ರೆ ಅದು ಇನ್ನೂ ಒಳ್ಳೆ ಕೋಡೆಕ್ ಕೊಡತ್ತೆ, ಹಿಗ್ಗಿಸೋದ್ರಿಂದ ಲಾಭ ಇರೋದು ಇದೊಂದೇ ಕಡೆ. ಮನೆಯವರಿಗೆ ಅನ್‌ಲಿಸ್ಟೆಡ್ (ಲಿಂಕ್ ಇದ್ದೋರಿಗೆ ಮಾತ್ರ ಕಾಣೋ ಹಂಗೆ) ಮಾಡಿ ಲಿಂಕ್ ಕಳಿಸಿ, ಗ್ರೂಪಿಗೆ ಫೈಲ್ ಹಾಕ್ಬೇಡಿ, ಹಾಕಿದ್ರೆ ಅದೇ ಓಡಾಡಿ ಓಡಾಡಿ ಮುಂದಿನ ವರ್ಷ ನಿಮಗೇ ವಾಪಸ್ ಬರತ್ತೆ.

ಇದೆಲ್ಲ ಕಲ್ತ ಮೇಲೆ ಆ ಆಟದ ವಿಡಿಯೋ ಪುನಃ ಮಾಡೋಣ ಅಂತ ದೊಡ್ಡಪ್ಪನ ಮಗನ ಹತ್ರ ಒರಿಜಿನಲ್ ಕೇಳ್ದೆ. ಫೋನ್ ತುಂಬಿತ್ತು ಅಂತ ಕೊನೇ ಎರಡು ಫೈಲ್ ಡಿಲೀಟ್ ಮಾಡಿದ್ದ. ಉಳಿದದ್ದನ್ನ ಸಿಆರ್‌ಎಫ್ 18ರಲ್ಲಿ ತೆಗೆದೆ, ಕೊನೇ ಭಾಗಕ್ಕೆ ಅದೇ ವಾಟ್ಸಾಪಿಂದು ಅಂಟಿಸ್ದೆ. ಈಗ ಎರಡು ಗಂಟೆ ತನಕ ಕಿರೀಟದ ಒಂದೊಂದು ಕನ್ನಡಿ ಚೂರೂ ಎಣಿಸ್ಬಹುದು. ಬಣ್ಣದ ವೇಷ ಬರೋದು ಅದಾದ್ಮೇಲೆ.